ಮಾವಿನ ತೋಪಿನ ಮೇಲೆ ಹಾರಿದ ಕ್ಯಾಪ್ಟನ್

ಬಸ್ಸಿನಲ್ಲಿ ಯಾರಾದರೂ ಎದ್ದು ಸೀಟು ಬಿಟ್ಟುಕೊಟ್ಟರೆ ಕ್ಯಾಪ್ಟನ್ನರಿಗೆ ಸಿಟ್ಟು ಬರುತ್ತಿತ್ತು. ಮುಳಬಾಗಿಲಿನಿಂದ ಶ್ರೀನಿವಾಸಪುರಕ್ಕೆ ಬರುವ ಬಸ್ಸು ಸೋಮವಾರ ಬೆಳಿಗ್ಗೆ ಹೇಗಿರುತ್ತದೆಂದು ಆ ಕಡೆಯವರಿಗೆ ಹೇಳಬೇಕಾಗಿಲ್ಲ. ಅಂಥ ನೂಕುನುಗ್ಗಲಿನಲ್ಲಿ ಬಿಳಿಗೂದಲಿನ ಕುಳ್ಳನೆಯ ಮನುಷ್ಯರೊಬ್ಬರು ಕಂಬಿ ಹಿಡಿದು ಜೋತಾಡುತ್ತಿದ್ದರೆ ಯಾರಿಗಾದರೂ ಅಯ್ಯೋ ಅನ್ನಿಸುತ್ತದೆ. ಕಾಲೇಜಿನ ಹುಡುಗನೊಬ್ಬ ಎದ್ದು, "ಕೂತ್ಕೊಳ್ಳಿ ತಾತ" ಅಂದ.

"ನೀನೇ ಕೂತ್ಕೊಳಪ್ಪ. ನಂದು ಕೂತ್ಕೊಂಡೇ ಮಾಡೋ ಕೆಲಸ. ಬಸ್ಸಲ್ಲಾದ್ರೂ ನಿಂತ್ಕೋತೀನಿ."

"ಏನ್ ಕೆಲಸ ತಾತ?"

"ವಿಮಾನ ಓಡಿಸ್ತೀನಿ."

ಇಡೀ ಬಸ್ಸು ನಕ್ಕಿತು. ಅವರೂ ನಕ್ಕರು. ಪಕ್ಕದಲ್ಲಿ ನಿಂತಿದ್ದ ನಾನು ಮಾತ್ರ ನಗಲಿಲ್ಲ. ಅದು ನಿಜವೆಂದು ಆ ಬಸ್ಸಿನಲ್ಲಿ ನನಗೊಬ್ಬನಿಗೇ ಗೊತ್ತಿತ್ತು.

ಹೋದ ವಾರ ಮುಳಬಾಗಿಲಿನಿಂದ ಅವರ ಮಗಳು ಬರೆದ ಕಾರ್ಡು ಬಂತು. ಅವರಿಗೆ ಎಪ್ಪತ್ತು ದಾಟಿತ್ತು. ಬೆಳಗಿನ ಕಾಫಿ ಕುಡಿದು ಲೋಟ ಕೆಳಗಿಟ್ಟವರು ಹಾಗೇ ಗೋಡೆಗೆ ಒರಗಿ ಹೋಗಿಬಿಟ್ಟರಂತೆ. ಕಾರ್ಡು ಓದಿ ದುಃಖವಾಯಿತು ಎಂದು ಬರೆದರೆ ಅರ್ಧ ಸುಳ್ಳಾಗುತ್ತದೆ. ಓದಿ ಮುಗಿಸಿದ ಮೇಲೆ ಬಹಳ ಹೊತ್ತು ನಾನು ಒಬ್ಬನೇ ಕೂತು ನಗುತ್ತಿದ್ದೆ. ನನ್ನ ಹೆಂಡತಿ ಒಳಗಿನಿಂದ ಬಂದು ಏನಾಯಿತೆಂದು ಕೇಳಿದಳು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಅವರ ಹೆಸರು ಬರೆಯುವುದಿಲ್ಲ. ಬರೆದರೂ ಶ್ರೀನಿವಾಸಪುರದಲ್ಲಿ ಯಾರಿಗೂ ಗೊತ್ತಾಗಲಿಕ್ಕಿಲ್ಲ. ಅಲ್ಲಿ ಅವರು ಬರೀ ಕ್ಯಾಪ್ಟನ್ನು. ತೆಲುಗಿನವರ ಬಾಯಲ್ಲಿ 'ವಿಮಾನಂ ತಾತ'.

ನಾನು ಹೋಳೂರಿನವನು. ರಾಗಿ, ಹಿಪ್ಪುನೇರಳೆ ಬೆಳೆಯುವ ಮನೆ ನಮ್ಮದು. ಎಪ್ಪತ್ತರ ದಶಕದ ನಡುವೆ ಕೃಷಿ ಇಲಾಖೆಯಲ್ಲಿ ಸಹಾಯಕನ ಕೆಲಸ ಸಿಕ್ಕಿ ಶ್ರೀನಿವಾಸಪುರಕ್ಕೆ ಹೋದೆ. ಆ ವರ್ಷ ಮಾವಿಗೆ ಜಿಗಿಹುಳು ಬಿದ್ದಿತ್ತು. ಹೂಗೊಂಚಲಿನ ರಸ ಹೀರಿ ಅಂಟು ಸುರಿಸುವ ಹುಳು ಅದು. ಅಂಟಿನ ಮೇಲೆ ಕಾಡಿಗೆಯಂಥ ಬೂಷ್ಟು ಕೂತು ಮರವೇ ಕಪ್ಪಾಗುತ್ತದೆ. ತೋಪಿನೊಳಗೆ ಕಾಲಿಟ್ಟರೆ ಯಾರೋ ಹಿಡಿ ಹಿಡಿಯಾಗಿ ಹುಳು ತೆಗೆದು ಮುಖಕ್ಕೆ ಎರಚಿದ ಹಾಗಾಗುತ್ತಿತ್ತು. ಕಾಲಿನಲ್ಲಿ ತುಳಿಯುವ ಪಂಪಿನಿಂದ ಹೊಡೆದ ಔಷಧಿ ಹಳೆಯ ಎತ್ತರದ ಮರಗಳ ಅರ್ಧಕ್ಕೂ ಏರುತ್ತಿರಲಿಲ್ಲ. ಕೊನೆಗೆ ವಿಮಾನದಿಂದ ಹೊಡೆಸುವುದೆಂದಾಯಿತು. ಬೆಂಗಳೂರಿನ ಒಂದು ಕಂಪನಿಗೆ ಆ ಕೆಲಸ ಹೋಯಿತು. ಊರಾಚೆಯ ಗೋಮಾಳವನ್ನು ರೋಲರು ಹೊಡೆದು ಸಪಾಟು ಮಾಡಿದರು.

ಜನವರಿಯ ಒಂದು ಬೆಳಿಗ್ಗೆ ಹಳದಿ ಬಣ್ಣದ ಒಂದೇ ಸೀಟಿನ ವಿಮಾನ ಬಂದು ಇಳಿದಾಗ ಅರ್ಧ ಊರು ಅಲ್ಲಿತ್ತು. ಬಾಗಿಲು ತೆರೆಯಿತು. ಸಿನಿಮಾದ ಹೀರೋ ಥರ ಯಾರೋ ಇಳಿಯುತ್ತಾರೆಂದು ಎಲ್ಲರೂ ಕತ್ತು ಚಾಚಿದ್ದೆವು. ಇಳಿದವರು ಕನ್ನಡಕಕ್ಕೆ ಕರಿದಾರ ಕಟ್ಟಿ ತಲೆಯ ಹಿಂದೆ ಗಂಟು ಹಾಕಿಕೊಂಡಿದ್ದ ಈ ಅಜ್ಜ. ನಮ್ಮ ಕಡೆ ಬಂದು, ಜೇಬಿನಿಂದ ಹುರಿಗಡಲೆ ತೆಗೆದು ಬಾಯಿಗೆ ಹಾಕಿಕೊಂಡು, ಅಪ್ಪಟ ಮುಳಬಾಗಿಲು ಮಾತಿನಲ್ಲಿ ಕೇಳಿದರು: "ಇಲ್ಲಿ ದನ ಮೇಯ್ಸೋರು ಯಾರು? ಅವರ ಹತ್ರ ಮೊದ್ಲು ಮಾತಾಡ್ಬೇಕು."

ಅವರ ತಂದೆ ಮುಳಬಾಗಿಲಿನಲ್ಲಿ ಜಟಕಾ ಗಾಡಿ ಹೊಡೆಯುತ್ತಿದ್ದವರು. ಎರಡನೇ ಮಹಾಯುದ್ಧದ ಕಾಲದಲ್ಲಿ ಮಗ ಬೆಂಗಳೂರಿಗೆ ಹೋಗಿ ವಿಮಾನ ರಿಪೇರಿಯ ಕೆಲಸಕ್ಕೆ ಸೇರಿ, ಕಂಡಕಂಡವರ ಕೈಕಾಲು ಹಿಡಿದು ಹಾರುವುದನ್ನು ಕಲಿತರು. ಆಮೇಲೆ ಎಷ್ಟೋ ವರ್ಷ ಅಸ್ಸಾಂ ಕಡೆ ಸಾಮಾನು ಸಾಗಿಸುವ ವಿಮಾನ ಓಡಿಸಿ, ಹೆಂಡತಿ ತೀರಿಕೊಂಡ ಮೇಲೆ ಊರಿನ ಹತ್ತಿರ ಇರಬೇಕೆಂದು ಈ ಔಷಧಿ ಹೊಡೆಯುವ ಕೆಲಸಕ್ಕೆ ಬಂದಿದ್ದರು. ಇದಿಷ್ಟೂ ನನಗೆ ಚೂರುಚೂರಾಗಿ ಗೊತ್ತಾದದ್ದು. ಅವರಿಗೆ ತಮ್ಮ ವಿಷಯ ಹೇಳಿಕೊಳ್ಳುವುದಕ್ಕಿಂತ ಗಾಳಿಯ ವಿಷಯ ಕೇಳಿ ತಿಳಿದುಕೊಳ್ಳುವುದು ಹೆಚ್ಚು ಇಷ್ಟ. ದನ ಕಾಯುವ ಹೆಂಗಸಿನ ಹತ್ತಿರ ಅರ್ಧ ಗಂಟೆ ಕೂತು, ಬೆಳಿಗ್ಗೆ ಗಾಳಿ ಎಷ್ಟು ಹೊತ್ತಿಗೆ ಏಳುತ್ತದೆ, ಯಾವ ದಿಕ್ಕಿನಿಂದ, ಯಾವ ತಿಂಗಳಲ್ಲಿ ಹೇಗೆ ಎಂದೆಲ್ಲ ತೆಲುಗಿನಲ್ಲಿ ವಿಚಾರಿಸುತ್ತಿದ್ದರು.

ನನ್ನ ಕೆಲಸ ಬಾವುಟ ಹಿಡಿಯುವುದು. ತೋಪಿನ ಕೊನೆಯಲ್ಲಿ ಬಿದಿರುಗಳಕ್ಕೆ ಬಿಳಿ ಬಟ್ಟೆ ಕಟ್ಟಿಕೊಂಡು, ಮೂಗುಬಾಯಿಗೆ ಟವೆಲು ಸುತ್ತಿಕೊಂಡು ನಿಲ್ಲಬೇಕು. ವಿಮಾನ ಮರಗಳ ತಲೆ ಸವರಿದ ಹಾಗೆ ನೇರ ನನ್ನ ಕಡೆಗೇ ಬರುತ್ತದೆ, ನನ್ನ ಮೇಲೆ ಹಾದುಹೋಗುತ್ತದೆ. ಅದು ತಿರುಗಿ ಬರುವುದರೊಳಗೆ ನಾನು ಇಪ್ಪತ್ತೈದು ಹೆಜ್ಜೆ ಪಕ್ಕಕ್ಕೆ ಸರಿದು ನಿಂತಿರಬೇಕು. ಮೊದಲ ದಿನ ಅದು ಎದುರಿಗೆ ಬಂದಾಗ ನಾನು ಬಾವುಟ ಬಿಸಾಡಿ ಬದುವಿಗೆ ಮೊಕ ಕೊಟ್ಟು ಬಿದ್ದುಕೊಂಡೆ. ಇಳಿದ ಮೇಲೆ ಅವರು ಬೈಯಲಿಲ್ಲ. "ಏನಯ್ಯಾ, ನಿನಗೆ ನನ್ನ ಮೇಲೆ ನಂಬಿಕೆ ಇಲ್ವಾ, ಇಲ್ಲಾ ವಿಮಾನದ ಮೇಲಾ?" ಅಂದರು.

"ನಿಮ್ಮ ಮೇಲೇ ಸಾರ್" ಅಂದುಬಿಟ್ಟೆ. ಇಪ್ಪತ್ನಾಲ್ಕರ ವಯಸ್ಸು, ಬಾಯಿಗೆ ಲಗಾಮಿರಲಿಲ್ಲ.

"ಒಳ್ಳೇದು. ನಂಬಬೇಡ. ದಿನಾ ನೋಡ್ತಾ ಇರು. ನಾನು ಓಲಾಡಿದ ಹಾಗೆ ಕಂಡ್ರೆ ಆವತ್ತೇ ಹೇಳ್ಬೇಕು, ಮಾರನೇ ದಿನ ಅಲ್ಲ."

ಅದು ತಮಾಷೆಯಲ್ಲ. ಪ್ರತಿ ದಿನ ಕೆಲಸ ಮುಗಿದ ಮೇಲೆ ಕೇಳುತ್ತಿದ್ದರು: "ಹೇಳು, ಇವತ್ತು ಏನು ತಪ್ಪಾಯ್ತು?" ತಪ್ಪಿಲ್ಲ ಎಂದರೆ ಒಪ್ಪುತ್ತಿರಲಿಲ್ಲ. ಮೂರನೇ ಸಾಲಿನಲ್ಲಿ ಸ್ವಲ್ಪ ಎಡಕ್ಕೆ ಬಂದಿರಿ ಎಂದರೆ ಸಂತೋಷಪಡುತ್ತಿದ್ದರು.

ಶ್ರೀನಿವಾಸಪುರದ ಹತ್ತಿರ ಎಲ್ಲಕ್ಕಿಂತ ದೊಡ್ಡ ತೋಪು ಒಬ್ಬ ಹೆಂಗಸಿನದು. ಗಂಡ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಇಬ್ಬರು ಗಂಡುಮಕ್ಕಳಿದ್ದರೂ ಯಾವ ಮರಕ್ಕೆ ಗೊಬ್ಬರ, ಯಾವ ವ್ಯಾಪಾರಿಗೆ ಕಾಯಿ ಎಂಬುದೆಲ್ಲ ಆಕೆಯ ಮಾತೇ. ಅರವತ್ತು ದಾಟಿದ್ದ ಆಕೆಯನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು. ಔಷಧಿ ಹೊಡೆಯಲು ಒಪ್ಪಿಗೆ ಕೇಳಲು ನಾವು ಹೋದಾಗ ಆಕೆ ಕ್ಯಾಪ್ಟನ್ನರನ್ನು ಮೇಲಿನಿಂದ ಕೆಳಗೆ ನೋಡಿದರು.

"ಇವರಾ ಓಡ್ಸೋದು? ಬೇಡ ಸಾಮಿ. ಹುಳ ತಿಂದ್ರೆ ಈ ವರ್ಷದ ಹೂ ಹೋಗುತ್ತೆ. ಮುದುಕ್ರು ಬಿದ್ರೆ ಮರಾನೇ ಹೋಗುತ್ತೆ."

ನನಗೆ ನಾಚಿಕೆಯಾಯಿತು. ಕ್ಯಾಪ್ಟನ್ ಮಾತ್ರ, "ನಿಜ ಅಮ್ಮಾ. ಆದ್ರೆ ತೋಪು ನೋಡೋಕೆ ಅಡ್ಡಿ ಇಲ್ವಲ್ಲ? ನಡ್ಕೊಂಡು ನೋಡ್ತೀನಿ, ಹಾರ್ಕೊಂಡಲ್ಲ" ಅಂದರು.

ಇಬ್ಬರೂ ತೋಪಿನೊಳಗೆ ನಡೆದರು. ನಾನು ಹಿಂದೆ. ಕ್ಯಾಪ್ಟನ್ ಮರ ನೋಡುತ್ತಿರಲಿಲ್ಲ, ಮರಗಳ ನಡುವೆ ಕಾಣುವ ಆಕಾಶ ನೋಡುತ್ತಿದ್ದರು. ಮೂಡಣ ಮೂಲೆಗೆ ಬಂದಾಗ ನಿಂತುಬಿಟ್ಟರು. ಅಲ್ಲಿ ಒಂದು ದೊಡ್ಡ ಹುಣಸೆ ಮರ, ಅದರ ಬೆನ್ನಿಗೆ ಅಂಟಿಕೊಂಡ ಹಾಗೆ ಪಂಪ್‌ಸೆಟ್ಟಿಗೆ ಎಳೆದ ಕರೆಂಟು ತಂತಿ. ದಿನಾ ಅಲ್ಲೇ ಓಡಾಡಿದ್ದ ನನಗೆ ಅದು ಕಂಡೇ ಇರಲಿಲ್ಲ.

"ಅಮ್ಮಾ, ನೀವು ಒಪ್ಪಿದ್ರೂ ಈ ಮೂಲೆ ಮಾತ್ರ ನಾನು ಹೊಡೆಯಲ್ಲ. ಇಲ್ಲಿನ ಎಂಟು ಮರಕ್ಕೆ ಕಾಲುಪಂಪಲ್ಲೇ ಹೊಡೆಸಿಕೊಳ್ಳಿ."

ದೊಡ್ಡಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅವರನ್ನೇ ನೋಡಿದರು. "ಮಾಡ್ತೀನಿ ಮಾಡ್ತೀನಿ ಅನ್ನೋ ಗಂಡಸರನ್ನ ಬೇಕಾದಷ್ಟು ಕಂಡಿದ್ದೀನಿ. ಆಗಲ್ಲ ಅಂದೋರು ನೀವೇ ಮೊದ್ಲು. ನಾಳೆ ಬನ್ನಿ, ಹೊಡೀರಿ."

ಆ ವರ್ಷ ಅವರ ತೋಪಿನಲ್ಲಿ ಕೊಂಬೆ ಬಾಗುವಷ್ಟು ಕಾಯಿ. ಕೆಲಸ ಮುಗಿಸಿದ ಮೇಲೆ ದೊಡ್ಡಮ್ಮನ ಮನೆಯಲ್ಲಿ ಮುದ್ದೆ, ಅವರೆಕಾಳಿನ ಸಾರು. ಹಾರುವ ಮುಂಚೆ ಅವರು ಮುದ್ದೆ ಮುಟ್ಟುತ್ತಿರಲಿಲ್ಲ, ನಿದ್ದೆ ಬರುತ್ತದೆಂದು. ಇಳಿದ ಮೇಲೆ ಎರಡು.

ಮಾರನೆಯ ವರ್ಷದ ಸೀಜನ್ನಿನ ನಡುವೆ ಕಂಪನಿಯಿಂದ ಕಾಗದ ಬಂತು. ಅವರಿಗೆ ಅರವತ್ತು ತುಂಬಿತ್ತು. ಅರವತ್ತು ತುಂಬಿದವರು ಇನ್ನು ಹಾರುವಂತಿಲ್ಲ. ಕಾಗದ ಓದಿ ಮಡಚಿ ಜೇಬಿಗಿಟ್ಟುಕೊಂಡು, ಎಂದಿನ ಹಾಗೆ ವಿಮಾನವನ್ನು ಸುತ್ತಿ ಬಂದು, ರೆಕ್ಕೆಯ ಒಂದೊಂದು ಕೀಲನ್ನೂ ಬೆರಳಿನಿಂದ ಅಲುಗಾಡಿಸಿ ನೋಡಿದರು. ಕೊನೆಯ ಕೀಲಿನ ಮೇಲೆ ಬೆರಳು ಸ್ವಲ್ಪ ಹೆಚ್ಚು ಹೊತ್ತು ನಿಂತಿತು. "ಮನೆಗೆ ಹೋಗಿ ಏನ್ಮಾಡ್ಲಯ್ಯಾ?" ಅಂದರು. ಅವರ ದನಿ ಕುಗ್ಗಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಎರಡೇ ದಿನದಲ್ಲಿ ಕಂಪನಿಯ ಮ್ಯಾನೇಜರು ಹೊಸ ಪೈಲಟ್‌ನನ್ನು ಕರೆದುಕೊಂಡು ಬಂದರು. ಇಪ್ಪತ್ತಾರು ವರ್ಷದ ಬೆಂಗಳೂರಿನ ಹುಡುಗ, ಮರ್ಯಾದಸ್ಥ. ಕ್ಯಾಪ್ಟನ್ನರ ಎದುರಿಗೆ ಬಂದಾಗ ಅವನಿಗೆ ತಲೆಯೆತ್ತಲು ಆಗುತ್ತಿರಲಿಲ್ಲ. ಸುದ್ದಿ ತಿಳಿದ ತೋಟಗಾರರು ಮಾವಿನ ಮಂಡಿಯ ಹಿಂದಿನ ಶೆಡ್ಡಿನಲ್ಲಿ ಸಭೆ ಸೇರಿಸಿದರು. ನಾನೂ ಹೋಗಿ ಹಿಂದೆ ನಿಂತೆ.

ಮ್ಯಾನೇಜರು ಕೆಟ್ಟವರಲ್ಲ. ನೇರವಾಗಿಯೇ ಹೇಳಿದರು: "ಇವರಷ್ಟು ಅನುಭವ ನಮ್ಮಲ್ಲಿ ಯಾರಿಗೂ ಇಲ್ಲ, ಒಪ್ತೀನಿ. ಆದರೆ ಎದೆ ಹೇಳಿ ಕೇಳಿ ನಿಲ್ಲುತ್ತಾ? ಮರದ ಮೇಲೆ ಹತ್ತಡಿ ಎತ್ತರದಲ್ಲಿರೋವಾಗ ಕಣ್ಣು ಒಂದು ಕ್ಷಣ ಮಂಜಾದ್ರೆ? ಕೆಳಗೆ ಬಾವುಟ ಹಿಡಿದಿರೋನು ಸಾಯ್ತಾನೆ."

ಎಲ್ಲರೂ ತಿರುಗಿ ನನ್ನನ್ನು ನೋಡಿದರು. "ಅವರು ಹೇಳೋದ್ರಲ್ಲೂ ನ್ಯಾಯ ಇದೆ" ಎಂದು ಒಂದಿಬ್ಬರು ತೋಟಗಾರರು ಗೊಣಗಿದರು. ಆಗ ಕ್ಯಾಪ್ಟನ್ ಎದ್ದರು.

"ಮ್ಯಾನೇಜರು ಹೇಳಿದ್ದು ಸುಳ್ಳಲ್ಲ. ವಯಸ್ಸು ನೋಡ್ಬೇಡಿ ಅಂತ ನಾನೂ ಹೇಳಲ್ಲ. ನಮ್ಮಪ್ಪ ಜಟಕಾ ಹೊಡೀತಿದ್ರು. ಕುದುರೆ ಕೊಳ್ಳೋರು ಹಲ್ಲು ನೋಡ್ತಾರೆ. ನಮ್ಮಪ್ಪನೂ ನೋಡೋರು, ಆದ್ರೆ ಅಲ್ಲಿಗೇ ಬಿಡ್ತಿರಲಿಲ್ಲ. ಗಾಡಿಗೆ ಕಟ್ಟಿ ಇಳಿಜಾರಲ್ಲಿ ಬಿಡೋರು. ಹಿಂದಿನಿಂದ ಗಾಡಿ ಮೈಮೇಲೆ ತಳ್ಳಿಕೊಂಡು ಬರುವಾಗ ಕುದುರೆ ಹೆಂಗೆ ತಡೆಯುತ್ತೆ ಅಂತ ನೋಡೋರು. ನನ್ನ ಹಲ್ಲು ಎಣಿಸಿ ಆಯ್ತು. ಇಳಿಜಾರಲ್ಲೂ ಒಂದ್ಸಲ ಬಿಟ್ಟು ನೋಡಿ. ಕಣ್ಣು, ಎದೆ, ಕೈ, ಎಲ್ಲಾ ನೋಡಿ. ತಡೀಲಿಲ್ಲ ಅಂದ್ರೆ ನಾನೇ ಲಗಾಮು ಬಿಚ್ಚಿ ಕೊಡ್ತೀನಿ."

ಆಮೇಲೆ ಗೋಡೆ ಪಕ್ಕದಿಂದ ದೊಡ್ಡಮ್ಮನ ದನಿ ಬಂತು. "ನನಗೆ ಅರವತ್ತೈದು. ನನ್ನನ್ನ ಯಾರಪ್ಪಾ ರಿಟೈರ್ ಮಾಡೋದು? ಬನ್ನಿ ಮುಂದೆ." ಆಕೆ ನೋಡುತ್ತಿದ್ದದ್ದು ಮ್ಯಾನೇಜರ ಕಡೆಗಲ್ಲ, ತನ್ನ ಮಕ್ಕಳ ಕಡೆಗೆ. ಸಭೆ ನಗುತ್ತಲೇ ತೀರ್ಮಾನಕ್ಕೆ ಬಂತು. ಮ್ಯಾನೇಜರು ಟ್ರಂಕ್ ಕಾಲ್ ಮಾಡಿ ತಮ್ಮ ಮೇಲಿನವರನ್ನು ಕೇಳಿದರು. ಕಣ್ಣು, ಎದೆಯ ತಪಾಸಣೆ ಆಗಲಿ, ಬೆಂಗಳೂರಿನಿಂದ ಪರೀಕ್ಷಕರು ಬಂದು ಹಾರಾಟ ನೋಡಲಿ, ಪಾಸಾದರೆ ಆರು ತಿಂಗಳು ಕೊಡೋಣ ಎಂದಾಯಿತು.

ಕಣ್ಣಿನ ಡಾಕ್ಟರ ಹತ್ತಿರ ಕೋಲಾರಕ್ಕೆ ನಾನೇ ಜೊತೆಯಲ್ಲಿ ಹೋದೆ. ಗೋಡೆಯ ಮೇಲೆ ಅಕ್ಷರಗಳ ಬೋರ್ಡು. ಡಾಕ್ಟರು ಓದಿ ಅಂದರು. ಕ್ಯಾಪ್ಟನ್ ಕಣ್ಣು ಮುಚ್ಚಿಕೊಂಡು ಮೇಲಿನಿಂದ ಕೆಳಗಿನವರೆಗೆ ಗಡಗಡನೆ ಹೇಳಿಬಿಟ್ಟರು. ಡಾಕ್ಟರು ತಬ್ಬಿಬ್ಬಾದರು.

"ಇಷ್ಟು ವರ್ಷದಿಂದ ಇದೇ ಬೋರ್ಡು ಡಾಕ್ಟ್ರೇ, ಬಾಯಿಪಾಠ ಆಗ್ಬಿಟ್ಟಿದೆ. ಇದ್ರಲ್ಲಿ ನನ್ನ ಕಣ್ಣು ಗೊತ್ತಾಗಲ್ಲ, ಬೇರೆ ತನ್ನಿ."

"ಕನ್ನಡದ್ದಿದೆ."

"ಅದೂ ಬಾಯಿಪಾಠ."

ಹುಡುಕಿ ಹುಡುಕಿ ಆಂಧ್ರದ ಕಡೆಯಿಂದ ಬರುವ ರೋಗಿಗಳಿಗೆಂದು ಇಟ್ಟಿದ್ದ ತೆಲುಗು ಬೋರ್ಡೊಂದನ್ನು ಒಳಗಿನಿಂದ ತಂದು, ಧೂಳು ಕೊಡವಿ ತಗಲಿಸಿದರು. ಅದನ್ನು ಅವರು ನಿಧಾನವಾಗಿ, ಒಂದೊಂದೇ ಅಕ್ಷರ ನೋಡಿ ಓದಿದರು. ಕಟ್ಟಕಡೆಯ ಸಾಲಿನಲ್ಲಿ ಒಂದಕ್ಷರ ತಪ್ಪಿತು. ಡಾಕ್ಟರು ಪರವಾಗಿಲ್ಲವೆಂದರೂ ಒಪ್ಪದೆ, ಕನ್ನಡಕದ ನಂಬರು ಬದಲಾಯಿಸಿಕೊಂಡೇ ಹೊರಟರು. ಬಸ್ ಸ್ಟ್ಯಾಂಡಿನಲ್ಲಿ ನಾನು, "ಸುಮ್ನೆ ಮೊದಲ್ನೇ ಬೋರ್ಡನ್ನೇ ಓದಿ ಬರಬಹುದಿತ್ತಲ್ಲ ಸಾರ್" ಅಂದೆ.

"ಬಾವುಟ ಹಿಡ್ಕೊಂಡು ನಿಲ್ಲೋನು ನೀನಲ್ವೇನೋ?" ಅಂದರು.

ಪರೀಕ್ಷೆಯ ಬೆಳಿಗ್ಗೆ ಗೋಮಾಳದಲ್ಲಿ ಜಾತ್ರೆಯ ಜನ. ಬೆಂಗಳೂರಿನಿಂದ ಬಂದಿದ್ದ ಪರೀಕ್ಷಕರು ದಪ್ಪ ಮೀಸೆಯ, ಮಾತು ಕಮ್ಮಿಯ ಮನುಷ್ಯ. ಕ್ಯಾಪ್ಟನ್ ವಿಮಾನ ಸುತ್ತಿ ಬಂದರು, ಕೀಲು ಮುಟ್ಟಿದರು, ಏಣಿಯ ಮೇಲೆ ಒಂದು ಕಾಲಿಟ್ಟವರು ಹಾಗೇ ನಿಂತರು. ಆಚೆ ಹಳ್ಳಿಯಲ್ಲಿ ಒಲೆ ಹೊತ್ತಿಸಿದ್ದರು. ಅವರು ಆ ಹೊಗೆಯನ್ನೇ ನೋಡುತ್ತಿದ್ದರು. ಆಮೇಲೆ ಕಾಲು ಕೆಳಗಿಟ್ಟರು.

"ಇವತ್ತು ಹಾರಲ್ಲ."

ಮ್ಯಾನೇಜರ ಮುಖ ಬಿಗಿದುಕೊಂಡಿತು. ಜನ ಗುಸುಗುಸು ಮಾಡತೊಡಗಿದರು. "ತಾತನಿಗೆ ಭಯ ಬಿತ್ತು ರೋಯ್" ಎಂದು ಯಾರೋ ಕೂಗಿದ್ದು ನನಗೆ ಕೇಳಿಸಿತು, ಅವರಿಗೂ ಕೇಳಿಸಿರಬೇಕು. ಪರೀಕ್ಷಕರು ಯಾಕೆಂದು ಕೇಳಿದರು.

"ಕೆಳಗಿನ ಹೊಗೆ ಮೂಡಣಕ್ಕೆ ಹೋಗ್ತಿದೆ, ಮೇಲಿನದು ಪಡುವಲಕ್ಕೆ. ಎರಡು ಗಾಳಿ ಜಗಳಾಡ್ತಿವೆ. ನಡುವೆ ಸಿಕ್ಕಿಕೊಳ್ಳೋದು ನಾನು."

ಮ್ಯಾನೇಜರು ಹುಡುಗನ ಕಡೆ ತಿರುಗಿದರು. ಅವನ ಹಾರಾಟವೂ ಅದೇ ದಿನ ನೋಡುವುದಿತ್ತು. ಕ್ಯಾಪ್ಟನ್ ಮೆಲ್ಲಗೆ, "ಬೇಡಪ್ಪ" ಅಂದರು. ಇಷ್ಟು ಜನರ ಎದುರಿಗೆ ಹಿಂದೆ ಸರಿಯುವುದು ಇಪ್ಪತ್ತಾರರ ವಯಸ್ಸಿನಲ್ಲಿ ಸುಲಭವಲ್ಲ. ಹುಡುಗ ಹತ್ತಿ ಕೂತ. ವಿಮಾನ ಚೆನ್ನಾಗಿಯೇ ಏರಿತು. ಒಂದು ಸುತ್ತು ಹೊಡೆದು ಇಳಿಯಲು ಬರುವಾಗ, ಗೋಮಾಳದ ಅಂಚಿನ ಹುಣಸೆ ಸಾಲಿನ ಹತ್ತಿರ, ಯಾರೋ ಮೇಲಿನಿಂದ ಗುದ್ದಿದ ಹಾಗೆ ದಡಕ್ಕನೆ ಕೆಳಗೆ ಕುಸಿಯಿತು. ಜನ ಚೀರಿದರು. ಹುಡುಗ ಹೇಗೋ ಎಳೆದು ಎತ್ತಿಕೊಂಡ. ವಿಮಾನ ಮೂರು ಸಲ ಪುಟಿದು, ಓರೆಯಾಗಿ ಓಡಿ ನಿಂತಿತು. ಚಕ್ರಕ್ಕೆ ಒಂದು ಮಾರುದ್ದದ ಹುಣಸೆ ಕೊಂಬೆ ಸಿಕ್ಕಿಕೊಂಡಿತ್ತು.

ಹುಡುಗ ಇಳಿದು ಎಲ್ಲರಿಗೂ ಕೇಳುವ ಹಾಗೆ ಹೇಳಿದ: "ಸಾರ್ ಹೇಳಿದ್ದು ಸರಿ. ನಾನು ಏರಬಾರದಾಗಿತ್ತು." ಆ ಮಾತಿಗೆ ಅವನ ಮೇಲೆ ನನಗಿರುವ ಗೌರವ ಇವತ್ತಿಗೂ ಕಮ್ಮಿಯಾಗಿಲ್ಲ.

ಕ್ಯಾಪ್ಟನ್ ಹೋಗಿ ಕೊಂಬೆ ಬಿಡಿಸಿದರು. ಜೇಬಿನಿಂದ ಹುರಿಗಡಲೆ ತೆಗೆದು ಅವನ ಅಂಗೈಗೆ ಹಾಕಿದರು. "ತಿನ್ನು, ನಡುಕ ನಿಲ್ಲುತ್ತೆ. ನನಗೂ ನಿನ್ನ ವಯಸ್ಸಲ್ಲಿ ಆಗಿತ್ತು. ನಂದು ಬೇವಿನ ಮರ."

ಪರೀಕ್ಷಕರು ಕೈಯಲ್ಲಿದ್ದ ಫಾರಂ ಅನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಹಾರದೇ ಇದ್ದದ್ದಕ್ಕೆ ಇದರಲ್ಲಿ ಜಾಗವೇ ಇಲ್ಲ" ಅಂದರು. ಆಮೇಲೆ ಅಂಚಿನಲ್ಲಿ ಖಾಲಿಯಿದ್ದ ಕಡೆ ಏನೋ ಬರೆದುಕೊಂಡರು. "ನಾಳೆ ನೋಡೋಣ."

ಮಾರನೆಯ ದಿನ ಗಾಳಿ ಸತ್ತ ಹಾಗಿತ್ತು. ಹೊಗೆ ನೂಲು ಎಳೆದ ಹಾಗೆ ನೆಟ್ಟಗೆ ಮೇಲೇರುತ್ತಿತ್ತು. ಜೇನುನೊಣ ಏಳುವುದರೊಳಗೆ ಔಷಧಿ ಮುಗಿಯಬೇಕೆಂಬುದು ಅವರ ನಿಯಮ, ಆದ್ದರಿಂದ ಸೂರ್ಯ ಕಣ್ಣು ಬಿಡುವಾಗಲೇ ನಾನು ದೊಡ್ಡಮ್ಮನ ತೋಪಿನ ಕೊನೆಯಲ್ಲಿ ಬಾವುಟ ಹಿಡಿದು ನಿಂತಿದ್ದೆ. ಪಕ್ಕದಲ್ಲಿ ಪರೀಕ್ಷಕರು. ವಿಮಾನ ಎದುರಿಗೆ ಬಂತು. ಮರಗಳ ತಲೆಗೂ ಅದರ ಹೊಟ್ಟೆಗೂ ನಡುವೆ ಒಂದೇ ಅಳತೆಯ ಬೆಳಕಿನ ಪಟ್ಟಿ. ಅದು ಈ ತುದಿಯಿಂದ ಆ ತುದಿಯವರೆಗೆ ಹಿಗ್ಗಲಿಲ್ಲ, ಕುಗ್ಗಲಿಲ್ಲ. ಔಷಧಿ ಮಂಜಿನ ಹಾಗೆ ಇಳಿದು ಎಲೆಗಳ ಮೇಲೆ ಕೂತಿತು. ಒಂದು ಸಾಲು, ಎರಡು, ಹತ್ತು. ಪ್ರತಿ ಸಲ ನನ್ನ ಬಾವುಟದ ನೆತ್ತಿಯ ಮೇಲೇ ಹಾದುಹೋದರು. ಪರೀಕ್ಷಕರು ಮೊದಲೆರಡು ಸಲ ತಲೆ ಬಗ್ಗಿಸಿದರು, ಆಮೇಲೆ ಬಗ್ಗಿಸಲಿಲ್ಲ.

ನಾವು ಗೋಮಾಳಕ್ಕೆ ವಾಪಸು ಬಂದಾಗ ಕ್ಯಾಪ್ಟನ್ ಇಳಿದಿದ್ದರು, ಅವರೇ ಮೊದಲು ಹೇಳಿದರು: "ಏಳನೇ ಸಾಲಲ್ಲಿ ಕವಾಟ ತಡವಾಗಿ ತೆಗೆದೆ. ಮೊದಲ ಎರಡು ಮರಕ್ಕೆ ಔಷಧಿ ಬಿದ್ದಿಲ್ಲ. ಇನ್ನೊಂದ್ಸಲ ಹೋಗಿ ಹೊಡೀತೀನಿ."

"ನಾನು ಗಮನಿಸಿರಲಿಲ್ಲ" ಅಂದರು ಪರೀಕ್ಷಕರು. ಕೈ ಕುಲುಕಿ, "ಹೋಗಿ, ಹೊಡೀರಿ" ಅಂದರು. ಜನ ಆಗ ಹಾಕಿದ ಕೇಕೆಗೆ ಗೋಮಾಳದ ದನಗಳು ಬಾಲ ಎತ್ತಿಕೊಂಡು ಓಡಿದವು. ದನ ಕಾಯುವ ಹೆಂಗಸು ಎರಡೂ ಕೈಯೆತ್ತಿ, "ಮಾ ವಿಮಾನಂ ತಾತ!", ನಮ್ಮ ವಿಮಾನದ ತಾತ, ಎಂದು ಕೂಗುತ್ತಿದ್ದಳು. ಮ್ಯಾನೇಜರೂ ಚಪ್ಪಾಳೆ ತಟ್ಟುತ್ತಿದ್ದರು. ನಾನು ಬಾವುಟ ಬೀಸಿ ಬೀಸಿ ಗಳವನ್ನೇ ಮುರಿದುಹಾಕಿದ್ದೆ.

ಆ ವರ್ಷದಿಂದ ಕಂಪನಿಯಲ್ಲಿ ಒಂದು ಪದ್ಧತಿ ಬಂತು. ಮುದುಕರಿಗಷ್ಟೇ ಅಲ್ಲ, ಇಪ್ಪತ್ತಾರರವರಿಗೂ ಆರು ತಿಂಗಳಿಗೊಮ್ಮೆ ಪರೀಕ್ಷೆ. ಹಾಗಾಗಬೇಕೆಂದು ಕೇಳಿದ್ದು ಯಾರು ಗೊತ್ತೇ? ಆ ಹುಡುಗನೇ. ಅವನು ಬೆಂಗಳೂರಿಗೆ ಹೋಗದೆ ಅವರ ಹತ್ತಿರವೇ ಉಳಿದ. ಇಬ್ಬರೂ ಸೇರಿ ನಾಲ್ಕು ಸೀಜನ್ನು ಶ್ರೀನಿವಾಸಪುರದ ತೋಪುಗಳಿಗೆ ಔಷಧಿ ಹೊಡೆದರು. ಮಾಲೂರಿನ ಕಡೆಯಿಂದಲೂ ಕರೆ ಬರತೊಡಗಿತು. ಅಷ್ಟೂ ವರ್ಷ ಒಂದು ಮರದ ಎಲೆ ಕೂಡ ಅವರ ಚಕ್ರಕ್ಕೆ ಸಿಕ್ಕಲಿಲ್ಲ. ಪರೀಕ್ಷೆಗಳನ್ನೆಲ್ಲ ಪಾಸು ಮಾಡಿದರು.

ಕ್ಯಾಪ್ಟನ್ನರಿಗೆ ಅರವತ್ತನಾಲ್ಕಾದ ವರ್ಷ ಪರೀಕ್ಷಕರು ಎರಡು ಸೀಟಿನ ಒಂದು ಸಣ್ಣ ವಿಮಾನದಲ್ಲಿ ತಾವೇ ಬಂದಿಳಿದರು. ಅದರಲ್ಲೇ ಪಕ್ಕದಲ್ಲಿ ಕೂತು ಕ್ಯಾಪ್ಟನ್ನರ ಹಾರಾಟ ನೋಡಿದರು. ಇಳಿದು, "ಪಾಸು. ಇನ್ನಾರು ತಿಂಗಳು" ಎಂದು ಕಾಗದಕ್ಕೆ ಸಹಿ ಹಾಕಿ ಕೊಟ್ಟರು.

ಕ್ಯಾಪ್ಟನ್ ಕಾಗದ ತೆಗೆದುಕೊಂಡು, ಓದಿ, ಮಡಚಿ, ವಾಪಸು ಕೊಟ್ಟರು. "ಸಾಕು ಸಾರ್. ಇವತ್ತಿಗೆ ನಿಲ್ಲಿಸ್ತೀನಿ."

ಹುಡುಗ ಬೆಚ್ಚಿಬಿದ್ದ. "ಪಾಸಾಗಿದ್ದೀರಲ್ಲ ಸಾರ್!"

"ಪಾಸಾಗಿದ್ದೀನಿ ಅಂತಾನೇ ನಿಲ್ಲಿಸ್ತಿರೋದು. ನಿನ್ನೆ ಸಂಜೆ ತೋಪು ನೋಡೋಕೆ ಹೋದ್ವಲ್ಲ, ಹೊಸದಾಗಿ ಎಳೆದ ತಂತಿ ನಿನಗೆ ಮೊದ್ಲು ಕಾಣಿಸ್ತು. ನೀನು ತೋರಿಸಿದ ಮೇಲೆ ನನಗೆ ಕಾಣಿಸ್ತು. ಇಷ್ಟು ವರ್ಷದಲ್ಲಿ ಹಾಗೆ ಆಗಿರ್ಲಿಲ್ಲ. ಇದು ಯಾರ ಫಾರಂನಲ್ಲೂ ಬರಲ್ಲ ಕಣೋ. ನನಗೆ ಗೊತ್ತು, ನಿನಗೆ ಗೊತ್ತು."

ಹುಡುಗನ ಕಣ್ಣು ತುಂಬಿತು. ಕ್ಯಾಪ್ಟನ್ನರ ಮುಖದಲ್ಲಿ ಮಾತ್ರ ನಾನು ಸೋಲು ಹುಡುಕಿ ಹುಡುಕಿ ನೋಡಿದೆ, ಸಿಗಲಿಲ್ಲ. ಪರೀಕ್ಷೆ ಮುಗಿಸಿದ ವಿದ್ಯಾರ್ಥಿ ಪೆನ್ನಿಗೆ ಮುಚ್ಚಳ ಹಾಕುವ ಹಾಗೆ ಕನ್ನಡಕದ ದಾರದ ಗಂಟು ಬಿಚ್ಚಲು ಕೈ ಎತ್ತಿದರು.

"ಬಿಚ್ಚಬೇಡಿ, ಬಿಚ್ಚಬೇಡಿ!" ಎಂದು ಹಿಂದಿನಿಂದ ಕೂಗು. ದೊಡ್ಡಮ್ಮ ಜನರನ್ನು ಮೊಣಕೈಯಿಂದ ಸರಿಸಿಕೊಂಡು ಬರುತ್ತಿದ್ದರು. ಆಗ ಆಕೆಗೆ ಎಪ್ಪತ್ತರ ಹತ್ತಿರ. "ಇಷ್ಟು ವರ್ಷ ನನ್ನ ತೋಪನ್ನ ನೀವೇ ಮೇಲಿಂದ ನೋಡಿದ್ದಾಯ್ತು. ಇದ್ರಲ್ಲಿ ಎರಡು ಸೀಟಿದೆಯಲ್ಲ. ನಿಲ್ಲಿಸೋಕೆ ಮುಂಚೆ ನನಗೊಂದ್ಸಲ ತೋರಿಸಿ."

ಮಕ್ಕಳಿಬ್ಬರೂ ಓಡಿ ಬಂದು ಅಡ್ಡ ನಿಂತರು. "ಅಮ್ಮಾ, ಈ ವಯಸ್ಸಲ್ಲಾ? ಎದೆ ಗಿದೆ ನಿಂತುಹೋದ್ರೆ?"

"ನಿಂತ್ರೆ ಅಲ್ಲೇ ಮೇಲಕ್ಕೆ ಹೋಗೋದು ಹತ್ರ ಆಗುತ್ತೆ. ಜರುಗ್ರೋ ಪಕ್ಕಕ್ಕೆ."

ಕ್ಯಾಪ್ಟನ್ ಪರೀಕ್ಷಕರ ಮುಖ ನೋಡಿದರು. ಪರೀಕ್ಷಕರು ಹೊಗೆಯ ಕಡೆ ನೋಡಿದರು, ಅದು ನೆಟ್ಟಗಿತ್ತು. ಕೈಯಲ್ಲಿದ್ದ ಕಾಗದ ನೋಡಿದರು. "ಲೈಸೆನ್ಸು ಇನ್ನಾರು ತಿಂಗಳಿದೆ. ನನ್ನದೇನೂ ಅಡ್ಡಿಯಿಲ್ಲ."

ದೊಡ್ಡಮ್ಮ ಚಪ್ಪಲಿ ಬಿಟ್ಟು, ಸೆರಗು ಬಿಗಿಯಾಗಿ ಸುತ್ತಿಕೊಂಡು ಹತ್ತಿ ಕೂತರು. ಪಟ್ಟಿಯನ್ನು ಕ್ಯಾಪ್ಟನ್ನೇ ಎರಡು ಸಲ ಎಳೆದು ನೋಡಿ ಬಿಗಿದರು. ವಿಮಾನ ಎದ್ದಿತು. ಕೆಳಗಿದ್ದ ಮಕ್ಕಳು ಕೈಮುಗಿದುಕೊಂಡು ನಿಂತಿದ್ದರು. ತೋಪಿನ ಮೇಲೆ ಅಗಲವಾದ ಒಂದು ಸುತ್ತು ಹೊಡೆದು, ಹೂ ಬುಟ್ಟಿ ನೆಲಕ್ಕಿಡುವ ಹಾಗೆ ತಂದು ಇಳಿಸಿದರು.

ಬಾಗಿಲು ತೆರೆದ ಕೂಡಲೇ ನಾನು ಓಡಿಹೋಗಿ, "ಹೇಗಿತ್ತು ದೊಡ್ಡಮ್ಮ?" ಅಂದೆ. ಆಕೆ ನನ್ನ ಕಡೆ ನೋಡಲೂ ಇಲ್ಲ. ಕೂತಲ್ಲಿಂದಲೇ ಮಕ್ಕಳನ್ನು ಹತ್ತಿರ ಕರೆದರು.

"ಬಾವಿ ಹಿಂದಿನ ಸಾಲಲ್ಲಿ ನಾಲ್ಕು ಮರ ನೆತ್ತಿ ಒಣಗಿ ನಿಂತಿದೆ. ಕೆಳಗೆ ದಿನಾ ಓಡಾಡ್ತೀರಲ್ಲ, ಒಬ್ಬನಾದ್ರೂ ತಲೆಯೆತ್ತಿ ನೋಡಿದ್ರಾ? ಅಮ್ಮನಿಗೆ ಕಣ್ಣು ಕಾಣಲ್ಲ, ಯಜಮಾನಿಕೆ ಬಿಟ್ಟುಕೊಡ್ಲಿ ಅಂತ ಊರೆಲ್ಲ ಹೇಳ್ಕೊಂಡು ತಿರುಗ್ತೀರಿ."

ಕ್ಯಾಪ್ಟನ್ ಇಂಜಿನ್ ಆರಿಸಲು ಕೈ ಚಾಚಿದ್ದರು. ದೊಡ್ಡಮ್ಮ ಆ ಕೈ ತಡೆದರು.

"ಆರಿಸಬೇಡಿ ಕ್ಯಾಪ್ಟನ್ನೋರೆ. ಪಡುವಲ ಕಡೆ ಇನ್ನೂ ನೋಡೇ ಇಲ್ಲ."

ಕ್ಯಾಪ್ಟನ್ ತಲೆ ಹಿಂದಕ್ಕೆ ಹಾಕಿ ನಕ್ಕ ನಗು ಇಂಜಿನ್ ಸದ್ದಿನಲ್ಲೂ ನಮಗೆಲ್ಲ ಕೇಳಿಸಿತು. ಬಾಗಿಲು ಮುಚ್ಚಿಕೊಂಡಿತು. ವಿಮಾನ ಧೂಳೆಬ್ಬಿಸಿಕೊಂಡು ಓಡಿ, ಹುಣಸೆ ಸಾಲನ್ನು ಒಂದು ಮನೆಯೆತ್ತರ ಬಿಟ್ಟು ದಾಟಿ, ಪಡುವಲಕ್ಕೆ ತಿರುಗಿತು. ಕೆಳಗೆ ಮಕ್ಕಳಿಬ್ಬರೂ ಪಂಚೆ ಎತ್ತಿ ಕಟ್ಟಿಕೊಂಡು ತೋಪಿನ ಕಡೆಗೆ ಓಡುತ್ತಿದ್ದರು. ಅಮ್ಮ ಇಳಿಯುವುದರೊಳಗೆ ಅವರು ಆ ನಾಲ್ಕು ಮರ ಹುಡುಕಬೇಕಿತ್ತು.